ಪೆರುಂಗುಡಿಯ ಫ್ಲ್ಯಾಟಿನಲ್ಲಿ ಬರಿ ನೆಲ ಮಂಜೂರು ಮಾಡುವ ಬಗ್ಗೆ

ಇಲಾಖೆ: (ಫಲಕ ತೂಗುಹಾಕಲು ಗೋಡೆಯಲ್ಲಿ ಜಾಗ ಸಿಗದ ಕಾರಣ ಇಲಾಖೆಗೆ ಇನ್ನೂ ಹೆಸರಿಟ್ಟಿರುವುದಿಲ್ಲ)

ಸುತ್ತೋಲೆ ಸಂಖ್ಯೆ: ನೆಲ/ಬರಿ/ಪೆರುಂಗುಡಿ/ಐದನೇ ಮಹಡಿ/1

ವಿಷಯ: ಚೆನ್ನೈ ನಗರದ ಪೆರುಂಗುಡಿಯಲ್ಲಿ ಹೊಸದಾಗಿ ಸಜ್ಜುಗೊಳಿಸಿದ ಚಿಕ್ಕ ಫ್ಲ್ಯಾಟೊಂದರಲ್ಲಿ, ಮಧ್ಯಾಹ್ನದ ಊಟವಾದ ಮೇಲೆ ಬರಿ ನೆಲದ ಮೇಲೆ ಮಲಗಲು ಜಾಗ ಗುರುತಿಸುವ ಕುರಿತು.

ಉಲ್ಲೇಖ:
1. ಶ್ರೀಮತಿ ತುಂಗಾ ಅವರು ಯಾರಿಗೂ ಕೊಡದ ಅರ್ಜಿ.
2. ಒಳಾಂಗಣ ವಿನ್ಯಾಸಕ ಶ್ರೀ ಗುರುಚರಣ ಅವರ ಬಣ್ಣದ ನಕ್ಷೆ.
3. ಸದರಿ ನಕ್ಷೆಯಲ್ಲಿ ಕಿಟಕಿಯ ಪಕ್ಕ ನಗುತ್ತ ನಿಂತಿರುವ, ಈ ಮನೆಗೆ ಸೇರದ ಹೆಂಗಸು.

ಪ್ರಸ್ತಾವನೆ

ಕತ್ತರಿ ಬಿಸಿಲು, ಅಂದರೆ ಚೆನ್ನೈನ ಮೇ ತಿಂಗಳ ಕಡು ಬಿಸಿಲು, ಹಿಡಿದ ಮೊದಲ ವಾರದಲ್ಲಿ, ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ, ಊಟದ ತಟ್ಟೆಗಳನ್ನು ತೊಳೆದು ಬೋರಲು ಹಾಕಿದ ಮೇಲೆ ಈ ಪ್ರಕರಣ ಆರಂಭವಾಗಿರುತ್ತದೆ. ಆ ಹೊತ್ತಿನಲ್ಲಿ ಕೆಳಗೆ ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ. ಸದರಿ ಮನೆಯ ಹಿರಿಯರಾದ ಶ್ರೀಮತಿ ತುಂಗಾ (ಇನ್ನು ಮುಂದೆ ತುಂಗಮ್ಮನವರು) ಒಂದು ಕೈಯಲ್ಲಿ ಹಿಂಡಿದ ಒದ್ದೆ ಬಟ್ಟೆ, ಇನ್ನೊಂದು ಕೈಯಲ್ಲಿ ಕೂರುವ ಮಣೆ ಹಿಡಿದುಕೊಂಡು ಅಡುಗೆಮನೆಯಿಂದ ಹಾಲ್‌ಗೆ ಬಂದರು.

ಇದು ಅವರ ಬಹುಕಾಲದ ರೂಢಿ. ಮದುವೆಯಾಗಿ ಪುರಸೈವಾಕ್ಕಂನ ಬಾಡಿಗೆ ಮನೆಗೆ ಬಂದಂದಿನಿಂದ, ಬೇಸಿಗೆ ಬಂತೆಂದರೆ, ಊಟವಾದ ಮೇಲೆ ಆಳುದ್ದದ ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದು. ಅದು ಆರುವ ಮೊದಲೇ ಮಣೆಯನ್ನು ತಲೆದಿಂಬು ಮಾಡಿಕೊಂಡು ಮಲಗಿಬಿಡುವುದು. ಚಾಪೆ ಇಲ್ಲ, ಹಾಸಿಗೆ ಇಲ್ಲ. ನೆಲದ ತಂಪು ನೇರವಾಗಿ ಬೆನ್ನಿಗೆ ಇಳಿಯಬೇಕು. ಅಷ್ಟಾದರೆ ಸ್ವಲ್ಪ ಹೊತ್ತಿನಲ್ಲೇ ಎದ್ದು ಕಾಫಿಗೆ ನೀರಿಡುತ್ತಾರೆ. ಅದು ಆಗದ ದಿನ ಬೆಳಗು ಮುಗಿಯುವುದೇ ಇಲ್ಲ, ಅದೇ ಬೆಳಗು ಎಳೆದುಕೊಂಡು ಎಳೆದುಕೊಂಡು ರಾತ್ರಿಯಾಗುತ್ತದೆ ಎಂಬುದು ಅವರ ಅನುಭವ.

ಪುರಸೈವಾಕ್ಕಂನ ಮನೆಯನ್ನು ಮಾಲೀಕರು ಕೆಡವಿ ಅಂಗಡಿ ಕಟ್ಟಿಸುವವರಿದ್ದರಿಂದ, ಮಗ ಶ್ರೀ ಪ್ರಮೋದ ತನ್ನ ಆಫೀಸಿಗೆ ಹತ್ತಿರವಾಗಲೆಂದು ಈ ಫ್ಲ್ಯಾಟನ್ನು ಕೊಂಡದ್ದು. ಒಳಗಿನ ಕೆಲಸವನ್ನು ಸೊಸೆ ಶ್ರೀಮತಿ ಭಾವನಾ ತನ್ನ ಚಿಕ್ಕಪ್ಪನ ಮಗ ಗುರುಚರಣ ಅವರಿಗೆ ವಹಿಸಿದರು. ಅವರ ನಕ್ಷೆಯ ತತ್ವ ಒಂದೇ: ನೆಲ ಸುಮ್ಮನೆ ಬಿದ್ದಿರಬಾರದು. ಅದರಂತೆ ಹಾಲ್‌ನ ಎರಡು ಗೋಡೆ ಹಿಡಿದು ಎಲ್ ಆಕಾರದ ಸೋಫಾ ಬಂತು, ಅದರ ಹೊಟ್ಟೆಯೊಳಗೆ ಕಂಬಳಿಗಳು ಹೋದವು. ಅದರ ಮುಂದಿನ ಗಿಡ್ಡ ಟೇಬಲ್ಲು ಊಟದ ಹೊತ್ತಿಗೆ ಎದ್ದು ನಿಂತು ಊಟದ ಟೇಬಲ್ಲಾಗುತ್ತದೆ. ಕಪಾಟಿನ ಬಾಗಿಲು ತೆಗೆದರೆ ಮಂಚ ಬೀಳುತ್ತದೆ. ಕೂರುವ ಬೆಂಚಿನ ಒಳಗೆ ಚಪ್ಪಲಿಗಳಿವೆ. ಇವೆಲ್ಲದರ ನಡುವೆ ಉಳಿದದ್ದು ನಡೆದಾಡುವ ದಾರಿ. ಎದುರಿಗೆ ಇನ್ನೊಬ್ಬರು ಬಂದರೆ ಹೊಟ್ಟೆ ಒಳಗೆಳೆದುಕೊಂಡು ಗೋಡೆಗೆ ಒತ್ತಿ ನಿಲ್ಲಬೇಕಾದಂಥದ್ದು.

ತುಂಗಮ್ಮನವರು ಮಣೆ ಹಿಡಿದು ನಿಂತೇ ಇದ್ದರು. ಕೈಯ ಬಟ್ಟೆಯಿಂದ ನೀರು ತೊಟ್ಟಿಕ್ಕಿ, ಅವರು ನಿಂತ ಜಾಗವಷ್ಟೇ ಒದ್ದೆಯಾಯಿತು. ಕೊನೆಗೆ ಆ ದಾರಿಯಲ್ಲೇ ಮಲಗಿದರು. ತಲೆ ಚಪ್ಪಲಿ ಬೆಂಚಿನ ಹತ್ತಿರ, ಕಾಲು ಬಚ್ಚಲಮನೆಯ ಬಾಗಿಲಿಗೆ. ಮಗ ಲ್ಯಾಪ್‌ಟಾಪ್ ಎತ್ತಿ ಹಿಡಿದುಕೊಂಡು ದಾಟಿ ಹೋದರು. ಸೊಸೆ ಒಗೆದ ಬಟ್ಟೆಯ ಬಕೆಟ್ ಹಿಡಿದು, "ಅತ್ತೆ, ಸ್ವಲ್ಪ ಕಾಲು" ಎಂದು ಹೇಳಿ ಹೋದರು, ಬರುವಾಗಲೂ ಅದನ್ನೇ ಹೇಳಿ ಬಂದರು. ಆಮೇಲೆ ನೆಲ ಗುಡಿಸುವ ಯಂತ್ರ ಬಂದು ಅವರ ಅಂಗಾಲಿಗೆ ಗುದ್ದಿ, ಹಿಂದೆ ಸರಿದು, ಯೋಚನೆ ಮಾಡಿ, ಮತ್ತೆ ಗುದ್ದಿತು. ತುಂಗಮ್ಮನವರು ಎದ್ದು ಮಣೆಯನ್ನು ಅಡುಗೆಮನೆಗೆ ಕೊಂಡುಹೋಗಿಟ್ಟರು. ಮರುದಿನಗಳಲ್ಲೂ ಅಲ್ಲೇ ಮಲಗುವುದು, ಗುದ್ದಿಸಿಕೊಂಡು ಏಳುವುದು ಹೀಗೇ ನಡೆಯಿತು.

ಅಂದಿನಿಂದ ತುಂಗಮ್ಮನವರ ಮನಸ್ಸಿನಲ್ಲಿ ಒಂದು ಲೆಕ್ಕ ನಡೆದಿದೆ. ತಿರುವೊಟ್ಟಿಯೂರಿನಲ್ಲಿರುವ ಓರಗಿತ್ತಿ ಜಯಲಕ್ಷ್ಮಮ್ಮನವರು, "ನಮ್ಮನೆಗೆ ಬಂದ್ಬಿಡೇ ತುಂಗಾ, ಇಲ್ಲಿ ನೆಲಕ್ಕೇನು ಬರ? ಸಮುದ್ರದ ಗಾಳೀನೂ ಬರತ್ತೆ" ಎಂದು ಫೋನಿನಲ್ಲಿ ಕರೆಯುತ್ತಲೇ ಇದ್ದಾರೆ. ಈ ಸೋಮವಾರವಲ್ಲ, ಮುಂದಿನ ಸೋಮವಾರ ಹೊರಟುಬಿಡುವುದೆಂದು ತುಂಗಮ್ಮನವರು ಸೀರೆಗಳನ್ನು ಚೀಲಕ್ಕೆ ಹಾಕಿದರು. ಹೋಗುವ ಮನಸ್ಸೇನೂ ಇರಲಿಲ್ಲ. ಮೊಮ್ಮಗಳು ಹರಿಪ್ರಿಯಾ ಶಾಲೆಗೆ ರಜೆಯಾದ್ದರಿಂದ ಇಡೀ ದಿನ ಅಜ್ಜಿಯ ಹಿಂದೆಯೇ ಇರುತ್ತಿದ್ದಳು. ಅದೂ ಅಲ್ಲದೆ, ಒಮ್ಮೆ ತಾನು ಹೋದರೆ, ತಾನು ನಿಲ್ಲುತ್ತಿದ್ದಷ್ಟು ಜಾಗದಲ್ಲೂ ಒಂದು ಕಪಾಟು ಬಂದು ಕೂರುತ್ತದೆ, ಮತ್ತೆ ಬಂದರೆ ನಿಲ್ಲುವುದಕ್ಕೂ ಎಡೆ ಇರುವುದಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಚೀಲದ ವಿಷಯ ಇಲಾಖೆಯ ಗಮನಕ್ಕೆ ಬಂದ ಕೂಡಲೇ ವಿಚಾರಣೆ ನಡೆಸಲಾಯಿತು. ಹೇಳಿಕೆಗಳನ್ನು ಹೇಳಿದಂತೆಯೇ ದಾಖಲಿಸಲಾಗಿದೆ.

ಶ್ರೀಮತಿ ಭಾವನಾ: "ಅತ್ತೆ ಮಲಗ್ಬಾರ್ದು ಅಂತ ನಾನು ಯಾವತ್ತಾದ್ರೂ ಅಂದಿದೀನಾ? ಸೋಫಾ ಮೇಲೆ ಜಮ್ಮಂತ ಮಲಗ್ಲಿ. ನೆಲಾನೇ ಬೇಕು ಅಂದ್ರೆ ನಾನು ಎಲ್ಲಿಂದ ತರ್ಲಿ? ಹುಟ್ಟಿದಾಗಿಂದ ನೆಲದ್ಮೇಲೇ ಕೂತು, ನೆಲದ್ಮೇಲೇ ಓದಿ, ನನ್ನ ನೋಡಕ್ಕೆ ಬಂದ ಇವರನ್ನೂ ನೆಲದ್ಮೇಲೇ ಕೂರಿಸಿದ್ರು ನಮ್ಮಪ್ಪ. ಈಗ್ಲಾದ್ರೂ ಒಂದು ಸೋಫಾ ಇರ್ಲಿ ಬಿಡೀಪ್ಪಾ."

ಶ್ರೀ ಪ್ರಮೋದ: "ಅಮ್ಮಂಗೆ ಎ.ಸಿ. ಹಾಕ್ತೀನಿ ಅಂದೆ. ಅದು ಮುಖಕ್ಕೆ ತಂಪು ಕಣೋ, ಬೆನ್ನಿಗಲ್ಲ ಅಂತಾಳೆ. ನಾನೇನ್ ಸಾರ್ ಮಾಡ್ಲಿ? ನಂಗೆ ಇವಳ ಮಾತೂ ಸರಿ, ಅವಳ ಮಾತೂ ಸರಿ." ಇಷ್ಟು ಹೇಳಿ, ಮೀಟಿಂಗ್ ಇದೆಯೆಂದು ಎದ್ದುಹೋದರು. ಅಂದು ಭಾನುವಾರವಾಗಿತ್ತು.

ಶ್ರೀ ಗುರುಚರಣ: "ಮಾಮಿಯನ್ನ ಮೊದಲೇ ಕೇಳ್ದೆ ಸಾರ್. ನಿಮಗೇನು ಬೇಕು ಮಾಮಿ ಅಂತ. ನಂಗೇನೂ ಬೇಡಪ್ಪ ಅಂದ್ರು. ಹಾಗೇ ನೋಟ್ ಮಾಡ್ಕೊಂಡೆ."

ಶ್ರೀಮತಿ ತುಂಗಾ: "ನಂದೇನು, ಎಲ್ಲೋ ಒಂದು ಕಡೆ." ಈ 'ಎಲ್ಲೋ ಒಂದು ಕಡೆ' ಎಂಬ ಸ್ಥಳಕ್ಕಾಗಿ ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಲಾಯಿತು. ಕಂಡುಬಂದಿರುವುದಿಲ್ಲ.

ಕರಡು ನಿಯಮಗಳು

ಮೇಲ್ಕಂಡ ಸಂಗತಿಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಸದರಿ ಮನೆಯ ಸಮಸ್ತರಿಗೂ ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

1. ಬರಿ ನೆಲ ಎಂದರೆ, ಮೇಲೆ ಏನೂ ಇಡದ, ಒಳಗಿನಿಂದ ಏನೂ ಎಳೆಯಲಾಗದ, ಗೋಡೆಯಿಂದ ಏನೂ ಮಡಚಿಕೊಂಡು ಬಂದು ಬೀಳದ ನೆಲ. ಸರ್ವೆ ಮಾಡಿಸಿದಾಗ ಇಂಥ ನೆಲ ಮೂರು ಕಡೆ ಪತ್ತೆಯಾಗಿದೆ. ಮೊದಲನೆಯದು ಫ್ರಿಜ್ಜಿನ ಬಾಗಿಲು ತೆರೆದಾಗ ತಿರುಗುವಷ್ಟು. ಎರಡನೆಯದು ದೇವರ ಕಪಾಟಿನ ಮುಂದೆ, ಒಬ್ಬರು ನಿಂತು ಕೈಮುಗಿಯುವಷ್ಟು. ಅಡ್ಡಬೀಳಬೇಕಾದವರು ಮನಸ್ಸಿನಲ್ಲೇ ಬೀಳತಕ್ಕದ್ದು. ಮೂರನೆಯದು ಮೇಲೆ ಹೇಳಿದ ದಾರಿ. ಮೂರನ್ನೂ ಸೇರಿಸಿ ಹೊಲಿದರೆ ಒಬ್ಬರು ಮಲಗಬಹುದೆಂದು ಸರ್ವೆಯವರು ವರದಿ ಕೊಟ್ಟಿದ್ದಾರೆ. ಹೊಲಿಯುವವರು ಸಿಕ್ಕಿರುವುದಿಲ್ಲ.

2. ಈ ಮನೆಯ ಪ್ರತಿ ಸಾಮಾನೂ ಎರಡು ಕೆಲಸ ಮಾಡುತ್ತಿರುವುದು ಸರಿಯಷ್ಟೆ. ಮನುಷ್ಯರಿಗೆ ಮಾತ್ರ ರಿಯಾಯಿತಿ ತೋರಿಸುವುದು ನ್ಯಾಯವಲ್ಲ. ಆದ್ದರಿಂದ ಮಲಗುವವರು ಮಲಗಿರುವಾಗಲೇ ಇನ್ನೊಂದು ಕೆಲಸವನ್ನೂ ನಿರ್ವಹಿಸತಕ್ಕದ್ದು. ಉದಾಹರಣೆಗೆ, ಫ್ಯಾನ್ ಗಾಳಿಗೆ ಹಾರುವ ಪೇಪರನ್ನು ಒತ್ತಿಹಿಡಿಯುವುದು. ಕುಕ್ಕರಿನ ಸೀಟಿ ಎಣಿಸುವುದು. ಬಾಗಿಲು ತಾನಾಗಿ ಮುಚ್ಚದಂತೆ ಕಾಲು ಕೊಟ್ಟಿರುವುದು.

3. ಮಂಜೂರಾಗುವ ನೆಲದ ಅಗಲ ಎರಡು ಮೊಳ ಮೀರತಕ್ಕದ್ದಲ್ಲ. ಉದ್ದವನ್ನು ಮಲಗುವವರನ್ನು ನಿಲ್ಲಿಸಿ ಅಳೆಯಲಾಗುವುದು. ಜಡೆಯ ಗಂಟನ್ನು ಅಳತೆಗೆ ಸೇರಿಸಲಾಗದು. ಮಣೆಗೆ ಪ್ರತ್ಯೇಕ ಅರ್ಜಿ. ಮಗ್ಗುಲು ಬದಲಿಸುವುದು ಟಿ.ವಿ. ಕಡೆಗೆ ಮಾತ್ರ, ಸೋಫಾ ಕಡೆಗೆ ತಿರುಗಿದರೆ ಡ್ರಾಯರಿನ ಹಿಡಿ ಮೂಗಿಗೆ ತಾಗುವ ಸಂಭವವಿದ್ದು, ಡ್ರಾಯರಿಗೆ ಆಗುವ ಹಾನಿಯನ್ನು ಮೂಗಿನವರೇ ಭರಿಸತಕ್ಕದ್ದು.

4. ಹಿರಿಯರನ್ನು 'ಏನು ಬೇಕು' ಎಂದು ಕೇಳುವ ಕ್ರಮ: ನಮ್ಮ ಮನೆಗಳಲ್ಲಿ ಊಟಕ್ಕೆ ಕೂತವರು ಹುಳಿ ಬೇಡವೆಂದರೆ ಬಡಿಸುವವರು ಸೌಟು ಹಿಂದೆ ತೆಗೆಯುವುದಿಲ್ಲ. ಎರಡನೆಯ ಸಲ ಬೇಡವೆಂದರೂ ತೆಗೆಯುವುದಿಲ್ಲ. ಮೂರನೆಯ ಸಲಕ್ಕೆ ಅವರು ಎಲೆಯ ಮೇಲಿಟ್ಟ ಕೈಯನ್ನು ಸ್ವಲ್ಪ ಸರಿಸುತ್ತಾರೆ, ಅಲ್ಲಿ ಸುರಿಯುವುದು. ಶ್ರೀ ಗುರುಚರಣ ಅವರು ಒಂದೇ ಸಲ ಕೇಳಿ, ಬೇಡವೆಂದದ್ದನ್ನು ಬೇಡವೆಂದೇ ಬರೆದುಕೊಂಡಿರುತ್ತಾರೆ. ಇದು ಗಂಭೀರವಾದ ಲೋಪ. ಇನ್ನು ಮುಂದೆ ಒಳಾಂಗಣ ವಿನ್ಯಾಸಕರೆಲ್ಲರೂ ಹಿರಿಯರನ್ನು ಮೂರು ಸಲ ಕೇಳತಕ್ಕದ್ದು. ಮೂರನೆಯ ಸಲ ಕೇಳುವಾಗ ಅವರ ಮುಖ ನೋಡತಕ್ಕದ್ದು, ಫೋನನ್ನಲ್ಲ. ಆದರೆ ಈ ನಿಯಮ ಹಿಂದಿನ ದಿನಾಂಕದಿಂದ ಅನ್ವಯವಾಗದ ಕಾರಣ ತುಂಗಮ್ಮನವರಿಗೆ ಇದರಿಂದ ಯಾವ ಪ್ರಯೋಜನವೂ ಇರುವುದಿಲ್ಲ.

5. ನೆಲ ಗುಡಿಸುವ ಯಂತ್ರ: ದೋಸೆಕಲ್ಲಿನಷ್ಟು ಅಗಲದ, ಹರಿಪ್ರಿಯಾ 'ಆಮೆ' ಎಂದು ಹೆಸರಿಟ್ಟಿರುವ ಈ ಯಂತ್ರಕ್ಕೆ ನಕ್ಷೆಯಲ್ಲೇ ಸೋಫಾದ ಕೆಳಗೆ ಕಾಯಂ ಜಾಗ ನೀಡಲಾಗಿದೆ. ತುಂಗಮ್ಮನವರಿಗೆ ನೀಡಿರುವುದಿಲ್ಲ. ಆದ್ದರಿಂದ ದಾರಿಯಲ್ಲಿ ಇಬ್ಬರೂ ಎದುರಾದಾಗ ಕಾಯಂ ಆದವರಿಗೆ ಆದ್ಯತೆ. ಯಂತ್ರವು ಪ್ರತಿ ಮಧ್ಯಾಹ್ನ ಪ್ರಮೋದ ಅವರ ಫೋನಿಗೆ 'ಹಾಲ್‌ನಲ್ಲಿ ಅಡ್ಡಿ ಇದೆ, ದಯವಿಟ್ಟು ತೆಗೆಯಿರಿ' ಎಂದು ದೂರು ಕಳಿಸುತ್ತಿದ್ದು, ಈವರೆಗೆ ಅಡ್ಡಿಯ ಕಡೆಯಿಂದ ಯಾವ ದೂರೂ ಬಂದಿಲ್ಲ. ಆದಕಾರಣ ಯಂತ್ರದ ಮಾತನ್ನೇ ನಂಬಲಾಗಿದೆ.

6. ಕ್ಯಾಮೆರಾ ಹಾಕಿಕೊಂಡು ನಡೆಯುವ ಮೀಟಿಂಗ್‌ಗಳು: ಪ್ರಮೋದ ಅವರ ಹಿಂದೆ ಎರಡು ಪಾದಗಳು ಕಾಣುತ್ತಿವೆಯೆಂದೂ, ಅವು ಅಲುಗಾಡುತ್ತಿಲ್ಲವೆಂದೂ ಮೇಲಧಿಕಾರಿಗಳು ಗಾಬರಿಯಿಂದ ವಿಚಾರಿಸಿರುತ್ತಾರೆ. ಇಂಥ ಗಾಬರಿ ಮರುಕಳಿಸದಂತೆ, ಮಲಗಿದವರು ಆಗಾಗ ಹೆಬ್ಬೆರಳು ಆಡಿಸುತ್ತಿರತಕ್ಕದ್ದು. ನಿದ್ದೆ ಬಂದ ಮೇಲೂ ಈ ನಿಯಮ ಅನ್ವಯವಾಗುತ್ತದೆ.

7. ಅತಿಥಿಗಳು ಬಂದಾಗ ಮಲಗಿದವರು ಎದ್ದು ಕೂರುವುದು. ಕೂರಲು ಜಾಗವಿಲ್ಲದ್ದರಿಂದ ಎದ್ದು ನಿಲ್ಲುವುದು. ನಿಂತರೆ ಅತಿಥಿಗಳಿಗೆ ಟಿ.ವಿ. ಕಾಣದ್ದರಿಂದ ಅಡುಗೆಮನೆಗೆ ಹೋಗುವುದು. ಹೋದವರು ಹೇಗೂ ಹೋಗಿದ್ದಾರಾದ್ದರಿಂದ ಕಾಫಿ ಮಾಡುವುದು. ಇದರಲ್ಲಿ ಹೊಸದೇನೂ ಇಲ್ಲ, ಹಳೆಯ ಪದ್ಧತಿಯನ್ನೇ ಬರಹಕ್ಕೆ ಇಳಿಸಲಾಗಿದೆ.

8. ಏಕಾದಶಿಯಂದು ಉಪವಾಸವಿರುವವರು ಮೆತ್ತೆಯ ಮೇಲೆ ಮಲಗುವುದಿಲ್ಲವೆಂದು ತಿಳಿದುಬಂದಿದೆ. ಅಂದು ಅವರಿಗೆ ಲಿಫ್ಟಿನ ಮುಂದಿನ ಮೊಗಸಾಲೆಯಲ್ಲಿ ಮಲಗಲು ಅವಕಾಶ ಕೋರಿ ಕಟ್ಟಡದ ಸಂಘಕ್ಕೆ ಬರೆಯಲಾಗಿತ್ತು. ಅಲ್ಲಿ ಸೈಕಲ್ಲುಗಳಿಗೆ ಮಾತ್ರ ಅನುಮತಿಯೆಂದು ಉತ್ತರ ಬಂದಿದೆ.

9. ಎಲ್ ಆಕಾರದ ಸೋಫಾವನ್ನು ಯಾವ ಕಾರಣಕ್ಕೂ ಕದಲಿಸತಕ್ಕದ್ದಲ್ಲ. ಅದು ಮನೆಗೆ ಬಂದದ್ದು ಮನೆಯವರಿಗಿಂತ ನಾಲ್ಕು ದಿನ ಮೊದಲು. ಹಿರಿತನ ಅದರದ್ದೇ.

10. ಬರಿ ನೆಲ ಬೇಕಾದವರು ನಿಗದಿತ ಅರ್ಜಿಯಲ್ಲಿ ಕೋರತಕ್ಕದ್ದು. ಅರ್ಜಿಯನ್ನು ಇಟ್ಟು ಬರೆಯಲು ಟೇಬಲ್ಲು ಬೇಕಾಗುತ್ತದೆ. ಟೇಬಲ್ಲು ಎದ್ದು ನಿಲ್ಲಬೇಕಾದರೆ ದಾರಿಯಲ್ಲಿ ಯಾರೂ ಮಲಗಿರಬಾರದು. ಅರ್ಜಿಗಳ ವಿಲೇವಾರಿಯನ್ನು ಮಳೆಗಾಲ ಶುರುವಾದ ಕೂಡಲೇ ಕೈಗೆತ್ತಿಕೊಳ್ಳಲಾಗುವುದು. ಆಗ ನೆಲ ತಾನಾಗಿಯೇ ತಣ್ಣಗಿರುವುದರಿಂದ ಯಾರಿಗೂ ಬೇಕಾಗುವುದಿಲ್ಲವೆಂಬ ವಿಶ್ವಾಸ ಇಲಾಖೆಗಿದೆ.

ಆಕ್ಷೇಪಣೆಗಳು

ಮೇಲಿನ ಹತ್ತು ಕಲಮುಗಳ ಕರಡನ್ನು, ಆಕ್ಷೇಪಣೆಗಳಿದ್ದಲ್ಲಿ ಸಲ್ಲಿಸಲು ಅನುಕೂಲವಾಗುವಂತೆ, ಶುಕ್ರವಾರ ಬೆಳಿಗ್ಗೆ ಸದರಿ ಫ್ಲ್ಯಾಟಿನ ಬಾಗಿಲಿಗೆ ಅಂಟಿಸಲಾಯಿತು. ಮನೆಯೊಳಗಿನ ವಿಷಯವನ್ನು ಮನೆಮಾತಿನಲ್ಲೇ ತಿಳಿಸಬೇಕೆಂಬ ನಿಯಮವಿರುವುದರಿಂದ ಕರಡು ಕನ್ನಡದಲ್ಲಿತ್ತು.

ಇಲ್ಲಿ ಇಲಾಖೆಯ ಕಡೆಯಿಂದ ಒಂದು ಸಣ್ಣ ಸಂಗತಿ ಗಮನಕ್ಕೆ ಬಾರದೆ ಹೋಯಿತು. ಪ್ರಮೋದ, ಭಾವನಾ ಇಬ್ಬರೂ ಹುಟ್ಟಿ ಬೆಳೆದದ್ದು ಚೆನ್ನೈನಲ್ಲಿ. ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಕಲಿತದ್ದು ತಮಿಳು, ಇಂಗ್ಲಿಷು. ಕನ್ನಡದ ಅಕ್ಷರ ಅವರ ಕಣ್ಣಿಗೆ ಸಾಲಾಗಿ ಜಾಂಗಿರಿ ಸುತ್ತಿಟ್ಟ ಹಾಗೆ. ಹರಿಪ್ರಿಯಾಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಕೊಡುವುದು ತಮಿಳಿನಲ್ಲಿ. ಆ ಮನೆಯಲ್ಲಿ ಕನ್ನಡ ಓದಲು ಬರುತ್ತಿದ್ದದ್ದು ಒಬ್ಬರಿಗೇ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ, ದಿನಾ ಬೆಳಿಗ್ಗೆ ಸ್ತೋತ್ರದ ಪುಸ್ತಕವನ್ನು ಬೆರಳಿಟ್ಟುಕೊಂಡು ಓದುವ ತುಂಗಮ್ಮನವರಿಗೆ.

ಅನಂತರ ನಡೆದದ್ದನ್ನು, ಒಳಗೆ ನಿಲ್ಲಲು ಜಾಗವಿಲ್ಲದ್ದರಿಂದ ಬಾಗಿಲ ಹೊರಗೆ ನಿಂತಿದ್ದ ಇಲಾಖೆಯ ಜವಾನರು ಕೇಳಿಸಿಕೊಂಡು, ಬಾಗಿಲ ಸಂದಿಯಲ್ಲಿ ಕಂಡಷ್ಟನ್ನು ಕಂಡು, ಈ ಕೆಳಗಿನಂತೆ ವರದಿ ಮಾಡಿರುತ್ತಾರೆ.

"ಅಮ್ಮಾ, ಬಾಗಿಲಿಗೆ ಏನೋ ನೋಟೀಸ್ ಅಂಟ್ಸಿದಾರೆ. ಸ್ಟಾಂಪೆಲ್ಲಾ ಇದೆ. ಕನ್ನಡದಲ್ಲಿದೆ, ನೀನೇ ಓದ್ಬೇಕು" ಎಂದರು ಪ್ರಮೋದ.

"ನಾನೇನು ಓದ್ಲೋ. ಸರ್ಕಾರದ ಕನ್ನಡ ನಂಗೆ ತಿಳಿಯತ್ತಾ?"

"ತಿಳಿಯೋದು ಬೇಡ, ಓದು ಸಾಕು. ತಿಳ್ಕೊಳ್ಳೋದು ನಾವು ನೋಡ್ಕೋತೀವಿ."

ತುಂಗಮ್ಮನವರು ಕನ್ನಡಕ ಹಾಕಿಕೊಂಡು, ಚಪ್ಪಲಿ ಬೆಂಚಿನ ಮೇಲೆ ಕೂತು, ಮಗ ಬಾಗಿಲಿನಿಂದ ಬಿಡಿಸಿಕೊಟ್ಟ ಕಾಗದದ ಮೊದಲ ಅಕ್ಷರದ ಕೆಳಗೆ ಬೆರಳಿಟ್ಟರು. ಅವಸರವಿಲ್ಲದೆ ಓದಿದರು. ತನಗೆ ವಿರುದ್ಧವಾದದ್ದನ್ನೂ ಒಂದಕ್ಷರ ಬಿಡದೆ ಓದಿದರು. ಯಂತ್ರದ ಕಲಂ ಬಂದಾಗ ಹರಿಪ್ರಿಯಾ, "ಪಾಟ್ಟೀ, ನಿಜಮಾವೇ ಅಪ್ಪಡಿ ಪೋಟ್ಟಿರುಕ್ಕಾ?" ಎಂದು, ನಿಜವಾಗಲೂ ಹಾಗೇ ಬರೆದಿದೆಯಾ ಎಂದು ಕೇಳಿದಳು.

"ಹೂಂ ಕಣೇ. ನಾನು ಅಡ್ಡಿಯಂತೆ. ನಿನ್ನ ಆಮೆ ಕಾಯಂ ಅಂತೆ."

"ಪಾವಂ ಪಾಟ್ಟಿ" ಎಂದು ಅಜ್ಜಿಗಾಗಿ ಮರುಗಿದಳು ಹರಿಪ್ರಿಯಾ. ಭಾವನಾ ಅವರು ಕೈಯಲ್ಲಿದ್ದ ಬಟ್ಟೆಯನ್ನು ಮಡಚುವುದನ್ನು ನಿಲ್ಲಿಸಿದರು.

ಕಾಫಿಯ ಕಲಂ ಬಂದಾಗ ಪ್ರಮೋದ ನೆಲ ನೋಡಿದರು. ನೋಡುವಷ್ಟು ನೆಲ ಅಲ್ಲಿತ್ತು. ಒಂಬತ್ತನೆಯ ಕಲಮಿನ ಹತ್ತಿರ ಬಂದಾಗ ತುಂಗಮ್ಮನವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಒರೆಸಿ ಹಾಕಿಕೊಂಡಾಗ ಬೆರಳು ಹತ್ತಕ್ಕೆ ಹೋಗಿತ್ತು. ಹತ್ತನ್ನು ಪೂರ್ತಿ ಓದಿದರು. ಬೆರಳು ಇನ್ನೂ ಕೆಳಗಿಳಿಯಿತು.

"ಹನ್ನೊಂದು" ಎಂದು ಅದೇ ದನಿಯಲ್ಲಿ ಓದಿದರು. "ಹಾಲ್‌ನಲ್ಲಿರುವ ಎಲ್ ಆಕಾರದ ಸೋಫಾವನ್ನು ಬರುವ ಭಾನುವಾರದೊಳಗೆ ಮನೆಯಿಂದ ಹೊರಗೆ ಕಳಿಸತಕ್ಕದ್ದು."

ಭಾವನಾ ಅವರು ಬಟ್ಟೆಯನ್ನು ಬದಿಗಿಟ್ಟು ಹತ್ತಿರ ಬಂದರು.

"ಏನಂದ್ರಿ ಅತ್ತೆ? ಇನ್ನೊಂದ್ಸಲ ಓದಿ."

ತುಂಗಮ್ಮನವರು ಬೆರಳನ್ನು ಅದೇ ಜಾಗದಲ್ಲಿಟ್ಟು ಮತ್ತೆ ಓದಿದರು. ಒಂದು ಮಾತೂ ಬದಲಾಗಲಿಲ್ಲ. ಈ ಸಲ ಕೊನೆಯಲ್ಲಿ ಇನ್ನೊಂದು ಸಾಲು ಸಿಕ್ಕಿತು: "ತಪ್ಪಿದಲ್ಲಿ ಮನೆಯ ನೀರನ್ನು ನಿಲ್ಲಿಸಲಾಗುವುದು."

"ನೀರಾ!" ಎಂದರು ಪ್ರಮೋದ. "ಈ ಕತ್ರಿ ಬಿಸ್ಲಲ್ಲಾ? ಒಂದು ಸೋಫಾಗೋಸ್ಕರ ಕೊಡ ಹಿಡ್ಕೊಂಡು ಲಾರಿ ಹಿಂದೆ ಓಡಕ್ಕಾಗತ್ತೇನೇ ಭಾವನಾ?"

"ಎಲ್ಲಿ, ಕೊಡಿ ನೋಡೋಣ" ಎಂದು ಭಾವನಾ ಅವರು ಕಾಗದವನ್ನು ಇಸಿದುಕೊಂಡರು. ಅಕ್ಷರ ಬಾರದಿದ್ದರೇನು, ಕಲಮುಗಳ ಅಂಕಿ ಎಲ್ಲರೂ ಓದುವ ಅಂಕಿಯೇ. ಹತ್ತು ಎಂಬುದರ ಕೆಳಗೆ ಬಿಳಿ ಕಾಗದ ಬಿಟ್ಟರೆ ಏನೂ ಇಲ್ಲವೆಂಬುದು ಯಾರ ಕಣ್ಣಿಗಾದರೂ ಕಾಣುವಂತಿತ್ತು. ಅವರು ಆ ಬಿಳಿ ಜಾಗವನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಅತ್ತೆಯನ್ನು ನೋಡಿದರು. ತುಂಗಮ್ಮನವರು ಸೆರಗಿನ ಅಂಚಿನಲ್ಲಿ ಬಿಟ್ಟಿದ್ದ ಒಂದು ದಾರವನ್ನು ಗಮನವಿಟ್ಟು ಸರಿಮಾಡಿಕೊಳ್ಳುತ್ತಿದ್ದರು. ಮೂಲೆಯಲ್ಲಿ ಸೀರೆಗಳ ಚೀಲ ಬಾಯಿ ಕಟ್ಟಿಕೊಂಡು ಕೂತಿತ್ತು.

ಭಾವನಾ ಅವರು ಸೋಫಾದ ತೋಳಿನ ಮೇಲೆ ಒಂದು ಸಲ ಕೈಯಾಡಿಸಿದರು. "ಸರ್ಕಾರದೋರೇ ಹೇಳಿದ್ಮೇಲೆ ಇನ್ನೇನಿದೆ" ಎಂದರು. "ನೀರಿಲ್ದೆ ಇರಕ್ಕಾಗತ್ತಾ."

ಕೂಡಲೇ ಫೋನ್ ಮಾಡಿ ಗುರುಚರಣ ಅವರಿಗೂ ತಿಳಿಸಿದರು.

"ನಾನೇನು ಮಾಡ್ಲಿ ಗುರೂ, ಆರ್ಡರ್ ಬಂದಿದೆ. ಇಲ್ದಿದ್ರೆ ನೀನು ಮಾಡಿಸ್ಕೊಟ್ಟ ಸೋಫಾನ ನಾನು ಕಳಿಸ್ತಿದ್ನಾ?"

"ಸೋಫಾಗೆ ಆರ್ಡರಾ! ಯಾವ ಡಿಪಾರ್ಟ್‌ಮೆಂಟ್ ಅಕ್ಕಾ?"

"ಹೆಸರು ಇನ್ನೂ ಇಟ್ಟಿಲ್ವಂತೆ."

"ಅಯ್ಯಯ್ಯೋ. ಹೆಸ್ರಿಲ್ದೋರ ಸಹವಾಸ ಬೇಡ ಅಕ್ಕಾ. ವಂಡಿ ತರ್ತೀನಿ."

ವಂಡಿಯೆಂದರೆ ಸಾಮಾನಿನ ಗಾಡಿ. ಭಾನುವಾರ ಅದು ಬಂತು. ಸೋಫಾ ಲಿಫ್ಟಿನೊಳಗೆ ಹಿಡಿಸಲಿಲ್ಲ. ಮೂಲೆಯ ಕೀಲು ಬಿಚ್ಚಿ ಎರಡು ತುಂಡು ಮಾಡಿ, ಒಂದೊಂದನ್ನೇ ಮೆಟ್ಟಿಲ ಮೇಲೆ ಓರೆ ಹಿಡಿದು, ತಿರುಗಿಸಿ, ಗೋಡೆಯ ಸುಣ್ಣ ಕೆರೆದು ಇಳಿಸಬೇಕಾಯಿತು. ಎರಡನೆಯ ಮಹಡಿಯವರು ಬಾಗಿಲು ತೆರೆದು, ಮನೆ ಖಾಲಿ ಮಾಡ್ತಿದೀರಾ ಎಂದು ಕೇಳಿದರು. "ಇಲ್ಲ, ತುಂಬಿಸ್ತಿದೀವಿ" ಎಂದರು ಭಾವನಾ. ಹೀಗೇಕೆ ಹೇಳಿದರೆಂದು ಜವಾನರಿಗೆ ತಿಳಿದುಬಂದಿಲ್ಲ.

ಸೋಫಾ ಗುರುಚರಣ ಅವರ ಮನೆಯ ಹಾಲ್‌ನಲ್ಲೂ ಹಿಡಿಸದೆ, ಸದ್ಯ ಅವರ ಕಾರು ನಿಲ್ಲಿಸುವ ಜಾಗದಲ್ಲಿದೆ. ಕಾರು ರಸ್ತೆಯಲ್ಲಿದೆ.

ತೀರ್ಮಾನ

ಮೇಲಿನ ವರದಿಯನ್ನು ಇಲಾಖೆಯು ಅತ್ಯಂತ ಗಂಭೀರವಾಗಿ ಪರಿಗಣಿಸಿದೆ. ಓದಲಾದ ಹನ್ನೊಂದನೆಯ ಕಲಂ ಇಲಾಖೆಯ ಕರಡಿನಲ್ಲಿ ಇರಲಿಲ್ಲ. ಇದ್ದ ಒಂಬತ್ತನೆಯ ಕಲಂ ಓದಲಾಗಿರುವುದಿಲ್ಲ. ಆದರೆ ಹನ್ನೊಂದನೆಯ ಕಲಂ ಇರಲೇ ಇಲ್ಲವೆಂದು ಈಗ ಹೇಳಿದರೆ, ಇಲಾಖೆ ಹೊರಡಿಸಿದ ಆದೇಶಗಳಲ್ಲಿ ಪಾಲನೆಯಾದದ್ದು ಒಂದೇ ಒಂದು, ಅದನ್ನೂ ಇಲಾಖೆ ಹೊರಡಿಸಿರಲಿಲ್ಲ ಎಂದು ಒಪ್ಪಿಕೊಂಡಂತಾಗುತ್ತದೆ. ಇದು ಸಿಬ್ಬಂದಿಯ ಮನೋಬಲಕ್ಕೆ ಒಳ್ಳೆಯದಲ್ಲ.

ಆದಕಾರಣ ಹನ್ನೊಂದನೆಯ ಕಲಂ ಮೊದಲಿನಿಂದಲೂ ಇತ್ತೆಂದೂ, ಒಂಬತ್ತನೆಯ ಕಲಂ ಯಾವತ್ತೂ ಇರಲಿಲ್ಲವೆಂದೂ ಎಲ್ಲರೂ ಭಾವಿಸತಕ್ಕದ್ದು. ಉಳಿದ ಕಲಮುಗಳನ್ನು, ಅವು ಇನ್ನು ಯಾರಿಗೂ ಬೇಕಾಗದ ಕಾರಣ, ಜಾರಿಯಲ್ಲಿಡಲಾಗಿದೆ. ನೀರಿನ ವಿಷಯ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲವಾದರೂ, ಬಹಳ ಪರಿಣಾಮಕಾರಿಯೆಂದು ಕಂಡುಬಂದದ್ದರಿಂದ, ಮುಂದಿನ ಎಲ್ಲ ಸುತ್ತೋಲೆಗಳ ಕೊನೆಯಲ್ಲೂ ಅದನ್ನು ಸೇರಿಸತಕ್ಕದ್ದು.

ಸೋಫಾ ತೆರವಾದ ಜಾಗವನ್ನು ಅಳೆಯಲು ಸೋಮವಾರ ಮಧ್ಯಾಹ್ನ ಸರ್ವೆಯವರನ್ನು ಕಳಿಸಲಾಗಿತ್ತು. ನೆಲ ಒದ್ದೆಯಾಗಿದ್ದು, ತುಂಗಮ್ಮನವರು ಮಲಗಿದ್ದರು. ಪಕ್ಕದಲ್ಲಿ ಹರಿಪ್ರಿಯಾ ಮಲಗಿದ್ದಳು. ಅವಳ ಆಚೆ, ಐದೇ ನಿಮಿಷ ಎಂದು ಹೇಳಿ ಕಾಲು ಚಾಚಿದ್ದ ಭಾವನಾ ಅವರು ಗೊರಕೆ ಹೊಡೆಯುತ್ತಿದ್ದರು. ಅಳತೆಯ ಟೇಪು ಬಿಚ್ಚಲು ಜಾಗವಿಲ್ಲದೆ ಸರ್ವೆಯವರು ಹಿಂತಿರುಗಿರುತ್ತಾರೆ.

ಸಹಿ/-
ನೆಲಾಧಿಕಾರಿ (ಪ್ರಭಾರ)
(ಕುರ್ಚಿಯೇ ಕಪಾಟಾಗಿ ಮಡಚಿಕೊಂಡಿರುವುದರಿಂದ ನಿಂತುಕೊಂಡೇ ಸಹಿ ಮಾಡಲಾಗಿದೆ)

ಪ್ರತಿಗಳು:

1. ಶ್ರೀ ಪ್ರಮೋದ ಅವರಿಗೆ, ಮೀಟಿಂಗ್ ಮುಗಿದ ಮೇಲೆ.

2. ಶ್ರೀಮತಿ ಭಾವನಾ ಅವರಿಗೆ. ಓದುವ ಸಲುವಾಗಿ ಅಲ್ಲ, ನೋಡುವ ಸಲುವಾಗಿ.

3. ಶ್ರೀಮತಿ ಜಯಲಕ್ಷ್ಮಮ್ಮ, ತಿರುವೊಟ್ಟಿಯೂರು, ಇವರಿಗೆ ಮಾಹಿತಿಗಾಗಿ. ಸದ್ಯಕ್ಕೆ ದಾರಿ ಕಾಯುವುದು ಬೇಡವೆಂದು ತಿಳಿಸುವುದು.

4. ಕುಮಾರಿ ಹರಿಪ್ರಿಯಾಗೆ ಪ್ರತಿ ಇಲ್ಲ. ಸದರಿಯವಳು ಅಜ್ಜಿಯ ಪಕ್ಕ ಮಲಗಿಕೊಂಡು ಕನ್ನಡದ ಅಕ್ಷರ ಕಲಿಯಲು ಆರಂಭಿಸಿರುವ ಕಾರಣ, ಈ ಸುತ್ತೋಲೆಯನ್ನು ಅವಳ ಕೈಗೆ ಸಿಗದಷ್ಟು ಎತ್ತರದಲ್ಲಿಡತಕ್ಕದ್ದು.

5. ಶ್ರೀಮತಿ ತುಂಗಾ ಅವರಿಗೆ. ಮಲಗಿದ್ದಾರೆ, ಎಬ್ಬಿಸತಕ್ಕದ್ದಲ್ಲ.

6. ಎಲ್ ಆಕಾರದ ಸೋಫಾ. ಭಾನುವಾರ ಮನೆ ಬಿಟ್ಟು ಹೋಗಿರುವುದರಿಂದ ಪ್ರತಿ ಕಳಿಸಿರುವುದಿಲ್ಲ.